ರೌಟರ್ ಕೊಳ್ಳುವ ಮುನ್ನ: ಮುಕ್ತ ಫರ್ಮ್‌ವೇರ್‌ಗೆ ತಕ್ಕ ಯಂತ್ರದ ಆಯ್ಕೆ

ಅಂತರಜಾಲ ಸಂಪರ್ಕವು ಇಂದು ತಕ್ಕಡಿಯಷ್ಟೇ ಅವಶ್ಯವಾದ ವ್ಯಾಪಾರ ಸಾಧನವಾಗಿದೆ. ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರ ಮೂಲಕವೇ ನಡೆಯುತ್ತವೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ನೋಂದಾಯಿತ ಖರೀದಿದಾರರಿಗೆ ಮಾರುವಾಗ ಇ-ಇನ್‌ವಾಯ್ಸ್ ಮಾಡುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಯಿತು. ಈ ಲೆಕ್ಕಪತ್ರಗಳೆಲ್ಲ ಹಾದುಹೋಗುವ ಬಾಗಿಲೇ ರೌಟರ್. ಗೋದಾಮಿನ ಬೀಗವನ್ನು ಪರೀಕ್ಷಿಸಿ ಕೊಳ್ಳುವ ವ್ಯಾಪಾರಸ್ಥರು ರೌಟರನ್ನು ಮಾತ್ರ ಬೆಲೆಯೊಂದನ್ನೇ ನೋಡಿ ಕೊಳ್ಳುವುದುಂಟು.

ರೌಟರನ್ನು ನಡೆಸುವ ಒಳಗಿನ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ತಯಾರಕರು ಕೆಲವು ವರ್ಷಗಳ ನಂತರ ಹಳೆಯ ಮಾದರಿಗಳಿಗೆ ಸುರಕ್ಷತಾ ತಿದ್ದುಪಡಿ ನೀಡುವುದನ್ನು ನಿಲ್ಲಿಸುತ್ತಾರೆ. ಯಂತ್ರವು ಕೆಟ್ಟಿರುವುದಿಲ್ಲ, ಆದರೆ ಅದರ ದೋಷಗಳು ಕಳ್ಳರಿಗೆ ತಿಳಿದಿರುತ್ತವೆ. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಉಪಕರಣಗಳನ್ನು ಸೇರಿಕೊಂಡಿತ್ತು. ಅವುಗಳಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೌಟರುಗಳು. ತಯಾರಕರು ಕೈಬಿಟ್ಟ ಯಂತ್ರಕ್ಕೂ ತಿದ್ದುಪಡಿ ದೊರೆಯುವ ಒಂದು ಮಾರ್ಗವೆಂದರೆ ಓಪನ್‌ಡಬ್ಲ್ಯುಆರ್‌ಟಿಯಂತಹ ಮುಕ್ತ ಫರ್ಮ್‌ವೇರ್. ಅದು ಉಚಿತ, ಆದರೆ ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ.

ಹೆಸರು ಒಂದೇ, ಸರಕು ಬೇರೆ

ಈ ಫರ್ಮ್‌ವೇರಿನ ಹುಟ್ಟಿನಲ್ಲಿಯೇ ಖರೀದಿದಾರರಿಗೆ ಪಾಠವಿದೆ. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನಲ್ಲಿ ಲಿನಕ್ಸ್ ಬಳಸಲಾಗಿತ್ತು. ಲಿನಕ್ಸಿನ ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲ ಸಂಕೇತವನ್ನು ಪ್ರಕಟಿಸಬೇಕಾಯಿತು. ಅದನ್ನಾಧರಿಸಿ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಆರಂಭವಾಯಿತು. ಆದರೆ 2005ರಲ್ಲಿ ಅದೇ ಹೆಸರಿನ 5ನೆಯ ಆವೃತ್ತಿ ಬಂದಾಗ ಶೇಖರಣಾ ಸ್ಮೃತಿಯು 4ರಿಂದ 2 ಎಂಬಿಗೆ, ರ್‍ಯಾಮ್ 16ರಿಂದ 8 ಎಂಬಿಗೆ ಇಳಿದಿತ್ತು. ಲಿನಕ್ಸ್ ಕೂಡ ಇರಲಿಲ್ಲ. ಹೆಸರನ್ನಷ್ಟೇ ನೋಡಿ ಕೊಂಡವರಿಗೆ ಬೇರೊಂದೇ ಸರಕು ದೊರೆಯಿತು. ನೂಲಿನ ನಂಬರನ್ನು ಕೇಳದೆ ಸೀರೆ ಕೊಳ್ಳದ ಇಳಕಲ್ಲಿನ ವರ್ತಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಖರೀದಿಯ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಹಾರ್ಡ್‌ವೇರ್ ಆವೃತ್ತಿ: ಯಂತ್ರದ ತಳದ ಚೀಟಿಯಲ್ಲಿ ಮಾದರಿಯ ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆ ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿಯ ಬೆಂಬಲಿತ ಯಂತ್ರಗಳ ಪಟ್ಟಿಯಲ್ಲಿ ಅದೇ ಆವೃತ್ತಿ ಇರತಕ್ಕದ್ದು. ಹೆಸರು ಮಾತ್ರ ಹೊಂದಿದರೆ ಸಾಲದು.

2. ಸ್ಮೃತಿ: 4 ಎಂಬಿ ಶೇಖರಣೆ ಅಥವಾ 32 ಎಂಬಿ ರ್‍ಯಾಮ್ ಇರುವ ಹಳೆಯ ಯಂತ್ರಗಳು ಇಂದಿನ ಆವೃತ್ತಿಗಳಿಗೆ ಸಾಲುವುದಿಲ್ಲ. 16 ಎಂಬಿ ಶೇಖರಣೆ ಮತ್ತು 128 ಎಂಬಿ ರ್‍ಯಾಮ್ ಕನಿಷ್ಠವೆಂದು ತಿಳಿಯುವುದು ಕ್ಷೇಮ.

3. ಚಿಪ್: ಮೀಡಿಯಾಟೆಕ್ ಹಾಗೂ ಕ್ವಾಲ್‌ಕಾಮ್ ಅಥೆರಾಸ್ ಚಿಪ್‌ಗಳ ಹಲವು ಮಾದರಿಗಳಿಗೆ ಬೆಂಬಲ ಉತ್ತಮವಾಗಿದೆ. ಬ್ರಾಡ್‌ಕಾಮ್ ಚಿಪ್‌ಗಳಲ್ಲಿ ವೈಫೈಗೆ ಬೇಕಾದ ಮುಕ್ತ ಚಾಲಕಗಳ ಕೊರತೆ ಇರುತ್ತದೆ.

4. ಮರುಸ್ಥಾಪನೆಯ ದಾರಿ: ಫರ್ಮ್‌ವೇರ್ ಬರೆಯುವಾಗ ವಿದ್ಯುತ್ ಹೋದರೆ ಯಂತ್ರವು ನಿಷ್ಕ್ರಿಯವಾಗಬಹುದು. ಆದ್ದರಿಂದ ಮೂಲ ಫರ್ಮ್‌ವೇರನ್ನು ಮರಳಿ ತುಂಬುವ ಸೌಲಭ್ಯವಿರುವ ಮಾದರಿಯನ್ನೇ ಆರಿಸಬೇಕು. ಕೆಲಸವನ್ನು ಯುಪಿಎಸ್ ಮೇಲೆಯೇ ಮಾಡಬೇಕು.

5. ಸಂಪರ್ಕ ಸಂಸ್ಥೆಯ ಪೆಟ್ಟಿಗೆ: ಫೈಬರ್ ಸಂಪರ್ಕದೊಡನೆ ಬರುವ ಪೆಟ್ಟಿಗೆಯು ಸಾಮಾನ್ಯವಾಗಿ ಸಂಸ್ಥೆಯ ಸ್ವತ್ತಾಗಿರುತ್ತದೆ. ಅದಕ್ಕೆ ಕೈ ಹಾಕದೆ, ಅದರ ಹಿಂದೆ ಸ್ವಂತ ರೌಟರನ್ನು ಜೋಡಿಸುವುದು ಯೋಗ್ಯ.

ದೊರೆಯುವ ಪ್ರಯೋಜನ

ಬಾದಾಮಿಯ ವಸತಿಗೃಹವು ಪ್ರವಾಸಿಗರಿಗೆ ವೈಫೈ ನೀಡುವಾಗ ಅತಿಥಿಗಳ ಜಾಲವನ್ನು ಬಿಲ್ಲಿಂಗ್ ಗಣಕದಿಂದ ಸಂಪೂರ್ಣ ಬೇರ್ಪಡಿಸಬಹುದು. ಗ್ರಾನೈಟ್ ಘಟಕದಲ್ಲಿ ಕ್ಯಾಮೆರಾಗಳನ್ನು ಲೆಕ್ಕಪತ್ರದ ಜಾಲದಿಂದ ದೂರವಿಡಬಹುದು. ಹುನಗುಂದದ ಗೋದಾಮಿನಿಂದ ಬಾಗಲಕೋಟೆಯ ಕಚೇರಿಗೆ ಗೂಢಲಿಪಿಯ ಸುರಕ್ಷಿತ ಸಂಪರ್ಕ ಕಲ್ಪಿಸಬಹುದು. ನಮ್ಮ ರಾಜ್ಯದಲ್ಲಿಯೂ ಇಂತಹ ತಂತ್ರಾಂಶದ ಬಳಕೆ ಹೊಸತಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಪರಿಸರದಲ್ಲಿ ಜನಸ್ತು ಸಂಸ್ಥೆಯು ರೂಪಿಸಿದ ಸಮುದಾಯ ವೈಫೈ ಜಾಲಕ್ಕೆ ಓಪನ್‌ಡಬ್ಲ್ಯುಆರ್‌ಟಿ ಆಧಾರಿತ ಲಿಬ್ರೆಮೆಶ್ ಬಳಕೆಯಾಗಿದೆ.

ಲೆಕ್ಕದ ದೃಷ್ಟಿ

ತೆರಿಗೆ ಬಿಲ್ಲನ್ನು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ ಪಡೆದಲ್ಲಿ ಅರ್ಹರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಗಣಕದೊಡನೆ ಬಳಸುವ ರೌಟರನ್ನು ಸವಕಳಿಯ ಉದ್ದೇಶಕ್ಕೆ ಗಣಕವೆಂದೇ ಪರಿಗಣಿಸಬಹುದೆಂದು ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಮಾನಿಸಿತು. ಆಗ ಶೇಕಡಾ 60 ಇದ್ದ ದರವನ್ನು 2017-18ನೇ ಹಣಕಾಸು ವರ್ಷದಿಂದ ಶೇಕಡಾ 40ಕ್ಕೆ ಇಳಿಸಲಾಯಿತು.

ಖರ್ಚಿನ ಬದಿಯನ್ನೂ ಮರೆಯಲಾಗದು. ಫರ್ಮ್‌ವೇರ್ ಬದಲಿಸಿದರೆ ತಯಾರಕರ ವಾರಂಟಿ ತಪ್ಪಬಹುದು. ಮುಕ್ತ ಫರ್ಮ್‌ವೇರನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಒಮ್ಮೆ ಹಾಕಿ ಮರೆತರೆ ಹಳೆಯ ಅಪಾಯವೇ ಮರಳುತ್ತದೆ. ಈ ಕೆಲಸ ಬಲ್ಲವರು ಊರಿನಲ್ಲಿ ಇಲ್ಲದಿದ್ದರೆ, ಎಷ್ಟು ವರ್ಷ ತಿದ್ದುಪಡಿ ನೀಡುವುದಾಗಿ ತಯಾರಕರು ಲಿಖಿತವಾಗಿ ತಿಳಿಸಿರುವ ಯಂತ್ರವನ್ನು ಕೊಳ್ಳುವುದೇ ಲೇಸು. ಬಲ್ಲವರಿದ್ದಲ್ಲಿ, ಹಣ ಕೊಡುವ ಮುನ್ನ ಪೆಟ್ಟಿಗೆ ತೆರೆಸಿ, ತಳದ ಚೀಟಿಯನ್ನು ಓದಿ, ಪಟ್ಟಿಯೊಡನೆ ತಾಳೆ ನೋಡಬೇಕು. ಐದು ನಿಮಿಷದ ಈ ತಾಳೆಯಿಂದ ಉಳಿಯುವುದು ರೌಟರಿನ ಬೆಲೆ ಮಾತ್ರವಲ್ಲ. ಅದರ ಮೂಲಕ ಹಾದುಹೋಗುವ ವರ್ಷವಿಡೀ ವಹಿವಾಟಿನ ಭದ್ರತೆಯೂ ಹೌದು.