ಕಾರ್ಡಿನಲ್ಲಿ ಏನು ಬರೆದಿದ್ದಾರೆ, ಮೊದಲು ಅದನ್ನು ಓದು

ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ, ಅಜ್ಜಂಪುರದ ಬಸ್ಸಿನಲ್ಲಿ, ಈರುಳ್ಳಿ ಹೊಲದ ಬದುವಿನಲ್ಲಿ, ಎಲ್ಲಿ ಸಿಕ್ಕರೂ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಒಂದೇ: "ನರ್ಸಮ್ಮ, ಇದಕ್ಕೆ ಯಾವ ಗುಳಿಗೆ ತಗೋಬೇಕು?" ನಿವೃತ್ತಿಯಾದರೂ ನರ್ಸಮ್ಮ ಅನ್ನುವ ಹೆಸರು ನನ್ನನ್ನು ಬಿಟ್ಟಿಲ್ಲ. ನಾನು ಹೇಳುವುದೂ ಒಂದೇ. ಗುಳಿಗೆ ಆಮೇಲೆ, ಏನಾಗಿದೆ ಅಂತ ಗೊತ್ತಾಯಿತಾ? ತಲೆಸುತ್ತು, ಕಾಲುಬಾವು, ಬಿಳಿ ಸೆರಗು ಇವು ಯಾವುವೂ ಕಾಯಿಲೆಯ ಹೆಸರುಗಳಲ್ಲ. ಒಳಗೆ ಏನೋ ನಡೆದಿದೆ ಎನ್ನುವ ಸುಳಿವು, ಅಷ್ಟೇ. ಸುಳಿವಿಗೇ ಔಷಧ ಕುಡಿಸಿ ಕಾರಣವನ್ನು ಬಿಟ್ಟವರ ಮನೆಗಳನ್ನು ಸಾಕಷ್ಟು ನೋಡಿದ್ದೇನೆ. ತಮ್ಮನ ಸೊಸೆ ಈಗ ಬಸುರಿ. ಅವಳಿಗೆ ಹೇಳಿದ್ದನ್ನೇ ಊರಿನ ಉಳಿದ ಹೆಣ್ಣುಮಕ್ಕಳಿಗೂ ಬರೆಯುತ್ತಿದ್ದೇನೆ.

• ಕಡೆಯ ಮುಟ್ಟಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಅಜ್ಜಂಪುರದ ಅಮೃತಮಹಲ್ ಕೇಂದ್ರದಲ್ಲಿ ಹಸು ಗಬ್ಬವಾದ ದಿನ ಬರೆದಿಡುತ್ತಾರೆ. ನಮ್ಮ ಮನೆಗಳಲ್ಲಿ ಕೇಳಿದರೆ "ಹಬ್ಬ ಆದ ಮೇಲೆ ಯಾವತ್ತೋ" ಅನ್ನುತ್ತಾರೆ. ಮುಟ್ಟಾದ ಮೊದಲ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಆ ಲೆಕ್ಕ ತಪ್ಪಿದರೆ ಮುಂದಿನ ಎಲ್ಲ ಪರೀಕ್ಷೆಗಳ ಲೆಕ್ಕವೂ ತಪ್ಪುತ್ತದೆ.

• ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅನ್ನುವ ಪದ್ಧತಿ ಇದೆಯಲ್ಲ, ಇರಲಿ. ಊರಿಗೆ ಹೇಳಬೇಡ, ಆಶಾ ಕಾರ್ಯಕರ್ತೆಗೆ ಹೇಳು. ಕೂಸಿನ ಬೆನ್ನುಹುರಿ, ಮಿದುಳಿಗೆ ಆಕಾರ ಬರುವುದು ಮೊದಲ ವಾರಗಳಲ್ಲೇ. ಫೋಲಿಕ್ ಆಸಿಡ್ ಗುಳಿಗೆ ಬೇಕಾಗುವುದು ಆಗ. 12 ವಾರದೊಳಗೆ ತಾಯಿ ಕಾರ್ಡ್ ಆಗಲೇಬೇಕು.

• ಪ್ರತಿ ಸಲ ಹೋದಾಗ ತೂಕ, ಬಿಪಿ, ಮೂತ್ರ, ಹಿಮೋಗ್ಲೋಬಿನ್ ಕಾರ್ಡಿನಲ್ಲಿ ಬರೆಸಿಕೊಂಡೇ ಎದ್ದು ಬಾ. "ಎಲ್ಲ ನಾರ್ಮಲ್ ಅಂದ್ರು" ಅಂದರೆ ನಾನು ಒಪ್ಪುವುದಿಲ್ಲ. ಎಷ್ಟು ಅಂತ ಕೇಳು. ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ನೋಡುವ ವ್ಯವಸ್ಥೆ 2016ರಿಂದ ಇದೆ. ಬಿಟ್ಟಿ ಸಿಗುತ್ತದೆ ಅಂತ ಅದನ್ನು ಹಗುರ ಮಾಡಬೇಡ.

• ರಕ್ತ ಕಮ್ಮಿ. ನಮ್ಮ ಕಡೆಯ ದೊಡ್ಡ ತೊಂದರೆ ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಕೂರುವ ಮಾತೇ ಇಲ್ಲ, ಆಸ್ಪತ್ರೆ. ರೆಪ್ಪೆಯ ಒಳಗೆ, ಉಗುರಿನಲ್ಲಿ ಬಿಳಿಚಿಕೊಂಡಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವು ಎಲ್ಲರಿಗೂ ಗೊತ್ತು. ಇನ್ನೊಂದನ್ನು ಹೆಣ್ಣುಮಕ್ಕಳು ಬಚ್ಚಿಡುತ್ತಾರೆ: ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವ ಚಪಲ. ಮಗನ ಸ್ಲೇಟಿನ ಬಳಪ ಖಾಲಿಯಾಗುತ್ತಿದ್ದರೆ ಅಮ್ಮನ ರಕ್ತ ನೋಡಿಸಿ. ಎಷ್ಟೋ ಸಲ ಅದು ಬಯಕೆಯಾಗಿರುವುದಿಲ್ಲ, ಮೈಯಲ್ಲಿ ಕಬ್ಬಿಣ ಬತ್ತಿರುತ್ತದೆ.
ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಗುಳಿಗೆ, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180. ರಕ್ತ ಕಮ್ಮಿ ಇದ್ದವರಿಗೆ ಎರಡು. ಕಾಫಿ, ಟೀ ಜೊತೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಬೇರೆ ಹೊತ್ತಿಗೆ ತಗೋ. ನಿಂಬೆಹಣ್ಣಿನ ಪಾನಕ, ಒಂದು ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಹೆದರಬೇಡ. ಗುಳಿಗೆ ತಿಂದರೆ ಕೂಸು ಕಪ್ಪಗಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ಈ ಒಂದು ಮಾತಿಗೆ ಹಿತ್ತಲಲ್ಲಿ ಬಿದ್ದ ಗುಳಿಗೆಗಳಿಗೆ ಲೆಕ್ಕವಿಲ್ಲ.
ಒಂದು ತಿಂಗಳು ಸರಿಯಾಗಿ ನುಂಗಿದ ಮೇಲೂ ಹಿಮೋಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ ಅದೇ ಗುಳಿಗೆಯನ್ನು ಸುಮ್ಮನೆ ಮುಂದುವರಿಸಬೇಡ, ಯಾಕೆ ಏರಲಿಲ್ಲ ಅಂತ ಕೇಳು. ಜಂತುಹುಳು ಇರಬಹುದು, ಥಲಸ್ಸೀಮಿಯಾ ಇರಬಹುದು. ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಇರಬಹುದು. ದಿನ ತುಂಬುತ್ತಾ ಬಂದಿದ್ದರೆ ನರಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡುತ್ತಾರೆ. ನುಗ್ಗೆಸೊಪ್ಪು, ಹುರುಳಿಕಾಳು, ರಾಗಿ ಎಲ್ಲ ತಿನ್ನು. ಆದರೆ 7ಕ್ಕೆ ಇಳಿದ ರಕ್ತವನ್ನು ಸೊಪ್ಪಿನಿಂದ ಏರಿಸುತ್ತೇನೆ ಅನ್ನುವ ಹಟ ಬೇಡ.

• ಸಂಜೆ ಪಾದ ಊದಿ ಬೆಳಿಗ್ಗೆ ಇಳಿದರೆ ಚಿಂತೆಯಿಲ್ಲ. ಬೆಳಿಗ್ಗೆ ಏಳುವಾಗಲೇ ಮುಖ ಊದಿದ್ದರೆ, ಬಳೆ ಬಿಗಿಯಾದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅವತ್ತೇ ಬಿಪಿ ನೋಡಿಸು, ನಾಳೆ ಅನ್ನಬೇಡ. 140/90 ಅಥವಾ ಮೇಲೆ ಇದ್ದರೆ ಮತ್ತೊಮ್ಮೆ ಅಳೆದು ಮೂತ್ರದಲ್ಲಿ ಪ್ರೋಟೀನ್ ನೋಡುತ್ತಾರೆ. 160/110 ಅಂದರೆ ಆಂಬುಲೆನ್ಸ್ ಕರೆಯುವಷ್ಟು ತುರ್ತು. ಉಪ್ಪು ಬಿಟ್ಟ ಮಾತ್ರಕ್ಕೆ ಈ ಬಿಪಿ ಇಳಿಯುವುದಿಲ್ಲ. ಅತ್ತೆಯ ಬಿಪಿ ಗುಳಿಗೆಯನ್ನಂತೂ ಮುಟ್ಟಬೇಡ, ಅವುಗಳಲ್ಲಿ ಕೆಲವು ಹೊಟ್ಟೆಯೊಳಗಿನ ಕೂಸಿಗೆ ಹಾನಿ. ಬಸುರಿಯರಿಗೆಂದೇ ಬೇರೆ ಗುಳಿಗೆಗಳಿವೆ.
ಬಸುರಿಗಾಗಲಿ ಬಾಣಂತಿಗಾಗಲಿ ಫಿಟ್ಸ್ ಬಂದರೆ ಗಾಳಿ ಸೋಕಿತು, ಬಾಣಂತಿ ಸನ್ನಿ ಅಂತ ತಾಯತ ಕಟ್ಟಲು ಓಡಬೇಡಿ. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಫೋನ್ ಮಾಡಿ. ಮೆಗ್ನೀಸಿಯಂ ಸಲ್ಫೇಟ್ ಅನ್ನುವ ಇಂಜೆಕ್ಷನ್ ಆ ಹೊತ್ತಿನಲ್ಲಿ ಪ್ರಾಣ ಉಳಿಸುತ್ತದೆ.

• ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ, 140 ಅಥವಾ ಹೆಚ್ಚಿದ್ದರೆ ಬಸುರಿನ ಶುಗರ್. ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸು. ಮೊದಲ ಎರಡು ವಾರ ಊಟದಲ್ಲೇ ಸರಿಮಾಡಲು ನೋಡುತ್ತಾರೆ, ಆಗದಿದ್ದರೆ ಔಷಧ. ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಅನ್ನುವವರ ಮಾತು ಕೇಳಬೇಡ. ಮುದ್ದೆ ಚಿಕ್ಕದಾಗಲಿ, ಪಲ್ಯ, ಕಾಳು ಹೆಚ್ಚಾಗಲಿ.

• ವಾಂತಿ ಸಹಜ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಡ್ರಿಪ್ ಬೇಕಾಗುತ್ತದೆ.

• ಉರಿಮೂತ್ರಕ್ಕೆ ಎಳನೀರು, ಬಾರ್ಲಿ ನೀರು ಕುಡಿ, ಬೇಡ ಅನ್ನುವುದಿಲ್ಲ, ಜೊತೆಗೆ ಮೂತ್ರ ಪರೀಕ್ಷೆಯೂ ಆಗಲಿ. ಸೋಂಕು ಕಿಡ್ನಿಗೆ ಏರಿದರೆ ಚಳಿಜ್ವರ ಬರುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು.

• ಎಲೆ ಅಡಿಕೆ. ಅಡಿಕೆ ಸೀಮೆಯಲ್ಲಿ ಹುಟ್ಟಿದವಳೇ ಹೇಳುತ್ತಿದ್ದೇನೆ, ಬಸುರಿನಲ್ಲಿ ಬಿಟ್ಟುಬಿಡು. ಕಡ್ಡಿಪುಡಿಯಂತೂ ಹತ್ತಿರಕ್ಕೂ ಬೇಡ. ಕೂಸಿನ ತೂಕ ಕಡಿಮೆಯಾಗುತ್ತದೆ.

• ಮುಟ್ಟು ತಪ್ಪಿದ ಮೇಲೆ ಕೆಳಹೊಟ್ಟೆಯ ಒಂದು ಮಗ್ಗುಲಲ್ಲಿ ನೋವು, ಸ್ವಲ್ಪ ರಕ್ತ, ಕಣ್ಣು ಕತ್ತಲೆ ಬಂದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ನಳಿಕೆ ಒಡೆದರೆ ರಕ್ತ ಹೊಟ್ಟೆಯೊಳಗೇ ಸೋರುತ್ತದೆ, ಹೊರಗೆ ಕಾಣುವುದು ಸ್ವಲ್ಪವೇ. ಗರ್ಭ ಬೇಡವೆಂದು ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಗುಳಿಗೆ ತರಿಸುವವರು ಕೇಳಿಸಿಕೊಳ್ಳಬೇಕಾದದ್ದು ಇದೇ. ನಳಿಕೆಯ ಗರ್ಭಕ್ಕೆ ಆ ಗುಳಿಗೆ ಏನೂ ಮಾಡುವುದಿಲ್ಲ. ರಕ್ತ ಹೋಯಿತಲ್ಲ, ಮುಗಿಯಿತು ಅಂತ ಮಲಗಿದವಳು ಏಳದೆ ಹೋಗಬಹುದು. ಗರ್ಭಪಾತಕ್ಕೆ ಕಾನೂನು ಆಸ್ಪತ್ರೆಯಲ್ಲೇ ಅವಕಾಶ ಕೊಟ್ಟಿದೆ, ಅಲ್ಲಿ ಮೊದಲು ನೋಡಿ ಆಮೇಲೆ ಗುಳಿಗೆ ಕೊಡುತ್ತಾರೆ.

• ನಿನ್ನ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ನೆನಪಿಸು. ಪಾಸಿಟಿವ್ ಕೂಸು ಹುಟ್ಟಿದರೆ 72 ಗಂಟೆಯೊಳಗೆ ಆಗಬೇಕು. ಗರ್ಭ ಇಳಿದುಹೋದಾಗಲೂ ಕೇಳು.

• ತುಂಬು ತಿಂಗಳಲ್ಲಿ ಕೂಸಿನ ಆಟ ಕಡಿಮೆಯಾಯಿತು ಅನ್ನಿಸಿದರೆ, ನೋವಿಲ್ಲದೆ ರಕ್ತ ಕಂಡರೆ, ನೀರು ಒಡೆದರೆ ಯಾರ ಒಪ್ಪಿಗೆಗೂ ಕಾಯಬೇಡ. ತರೀಕೆರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೋಗುವ ದಾರಿ, ದುಡ್ಡು, ರಕ್ತ ಕೊಡುವ ಇಬ್ಬರು ಗಂಡಸರು, ಇಷ್ಟನ್ನೂ ಎಂಟನೇ ತಿಂಗಳಲ್ಲೇ ಗೊತ್ತು ಮಾಡಿಟ್ಟುಕೊ. ಸೀಮಂತದ ಸೀರೆ ಆರಿಸಲು ಕೊಡುವ ಹೊತ್ತಿನಲ್ಲಿ ಅರ್ಧ ಇದಕ್ಕೆ ಸಾಕು.

• ಮಾಸು ಬಿದ್ದ ಮೇಲಿನ ರಕ್ತಸ್ರಾವ ತಾಯಂದಿರನ್ನು ಗಂಟೆಗಳಲ್ಲಿ ಕೊಲ್ಲುತ್ತದೆ. ಆಸ್ಪತ್ರೆಯಲ್ಲಿ ಕೂಸು ಹೊರಬಂದ ಕೂಡಲೇ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುವುದು ಅದಕ್ಕೇ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನನ್ನಂಥ ಎಎನ್‌ಎಂ ನರ್ಸಮ್ಮಂದಿರೇ ಹೆರಿಗೆ ಮಾಡಿಸಿದ 1,620 ಹೆಂಗಸರಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನ ನಡೆಯಿತು. ಗುಳಿಗೆ ಸಿಕ್ಕವರಲ್ಲಿ ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದದ್ದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಜಗತ್ತು ಅದನ್ನು ಓದಿತು. ನಮ್ಮವರ ಕೆಲಸ ಅಂತ ನನಗೆ ಈಗಲೂ ಹೆಮ್ಮೆ.

• ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್ಪಿನ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆಗಿನಿಂದ "ಆಸ್ಪತ್ರೆಗೆ ಯಾಕೆ ಹೋಗಬೇಕು" ಅನ್ನುವವರಿದ್ದಾರೆ. ಸಿಟ್ಟು ನ್ಯಾಯವಾದದ್ದೇ. ಪ್ರಶ್ನೆ ಕೇಳೋಣ, ದೂರು ಕೊಡೋಣ. ಮನೆಯಲ್ಲಿ ಹೆರಿಗೆ ಮಾಡಿಸುವುದು ಮಾತ್ರ ಅದಕ್ಕೆ ಉತ್ತರವಲ್ಲ.

• ಬಾಣಂತಿಗೆ ಶೀತವಾಗುತ್ತದೆ ಅಂತ ನೀರು ಕೊಡದೆ, ಕತ್ತಲೆ ಕೋಣೆಯಲ್ಲಿ ಹೊಗೆ ಹಾಕಿ ಕೂರಿಸುವ ಅತ್ತೆಯರೇ, ಅಮ್ಮಂದಿರೇ, ಬಾಣಂತಿಯ ಎಣ್ಣೆನೀರು ನನಗೂ ಇಷ್ಟ, ಅದನ್ನು ಮಾಡಿ. ಬಾಯಾರಿದಾಗ ನೀರು ಕೊಡಿ. ಜ್ವರ, ನಾರುವ ಸ್ರಾವ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ನೋವು ಕಂಡರೆ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸು ಬೇಡವೆನ್ನಿಸಿದರೆ ಅದು ಸೊಕ್ಕಲ್ಲ, ಕಾಯಿಲೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

• ಬಿಳಿ ಸೆರಗು ಎಲ್ಲವೂ ಉಷ್ಣವಲ್ಲ. ನೀರಿನಂತೆ, ವಾಸನೆ ತುರಿಕೆ ಇಲ್ಲದೆ ಹೋಗುವುದು ಮೈಯ ಸಹಜ ಗುಣ. ಮೊಸರು ಒಡೆದಂತೆ ಗಟ್ಟಿ, ತುರಿಕೆ ಇದ್ದರೆ ಸಾಮಾನ್ಯವಾಗಿ ಫಂಗಸ್. ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ಎರಡಕ್ಕೂ ಔಷಧ ಬೇರೆ ಬೇರೆ. ಕೆಲವು ಸೋಂಕಿಗೆ ಗಂಡನೂ ಗುಳಿಗೆ ನುಂಗಬೇಕು. ಅವನು "ನನಗೇನಾಗಿದೆ" ಅಂದರೆ ಡಾಕ್ಟರ ಮುಂದೆ ಕರೆದುಕೊಂಡು ಹೋಗು.

• ಈಗ ಗರ್ಭಕೋಶದ ಮಾತು. ಬಿಳಿ ಸೆರಗಿಗೆ, ಸೊಂಟನೋವಿಗೆ, ಮುಟ್ಟಿನ ಹೊಟ್ಟೆನೋವಿಗೆ "ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತೆ" ಅಂದರೆ ಅಲ್ಲಿಂದ ಎದ್ದು ಬಾ. ಇದು ದೂರದ ಕಥೆಯಲ್ಲ. ನಮ್ಮ ಪಕ್ಕದ ಬೀರೂರಿನಲ್ಲೇ ಬಡ ಹೆಂಗಸರ ಗರ್ಭಕೋಶಗಳನ್ನು ಸಾಲು ಸಾಲಾಗಿ ತೆಗೆದ ಸಂಗತಿ ಪತ್ರಿಕೆಗಳಲ್ಲಿ ಬಂತು. 2015ರಲ್ಲಿ ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರ ಗೋಳು ಬಯಲಾಯಿತು. ಹಲವರು ನಲವತ್ತು ಕೂಡ ಆಗದವರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.
ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋಗುತ್ತಿದ್ದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ಗರಣೆ ಬಿದ್ದರೆ ಕಾರಣ ಹುಡುಕಿಸು. ಥೈರಾಯ್ಡ್ ಇರಬಹುದು, ಗಡ್ಡೆ ಇರಬಹುದು, ಹಾರ್ಮೋನಿನ ಏರುಪೇರು ಇರಬಹುದು. ಗುಳಿಗೆಯಿದೆ, ಹಾರ್ಮೋನ್ ಇರುವ ವಂಕಿಯಿದೆ. ಇವೆಲ್ಲ ಸೋತ ಮೇಲೆ ಆಪರೇಷನ್, ಅದೂ ಇನ್ನೊಬ್ಬ ಡಾಕ್ಟರನ್ನು ಕೇಳಿದ ಮೇಲೆ. ಅಂಡಾಶಯವನ್ನೂ ತೆಗೆಯುತ್ತಾರಾ ಅಂತ ಬಾಯಿಬಿಟ್ಟು ಕೇಳು. ಅದು ಹೋದರೆ ಹಾರ್ಮೋನು ಅಕಾಲದಲ್ಲಿ ನಿಂತು ಮೂಳೆ ಸವೆಯುತ್ತದೆ.

• ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಅತ್ತೆಯರು ಇದನ್ನು ನಾಚಿಕೆಗೆ ಮುಚ್ಚಿಡುತ್ತಾರೆ.

• ಗರ್ಭಕೋಶದ ಕಂಠದ ಕ್ಯಾನ್ಸರ್ ಪತ್ತೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವುದು ಅಸಿಟಿಕ್ ಆಮ್ಲ ಹಚ್ಚಿ ಬಣ್ಣ ನೋಡುವ ಪರೀಕ್ಷೆ. ಕೆಲವೇ ನಿಮಿಷದ ಕೆಲಸ, ಹಣವಿಲ್ಲ. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ. ಸೊಸೆಯನ್ನು ತಪಾಸಣೆಗೆ ಕರೆದೊಯ್ಯುವ ದಿನ ಅತ್ತೆಯೂ ಮಾಡಿಸಿಕೊಂಡು ಬರಲಿ.