ಬದನೆಯ ಗುಲಗಂಜಿ ಹುಳು: ಅದರ ಗುರುತು ಮತ್ತು ನಿವಾರಣೆ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಎರೆಭೂಮಿಯಲ್ಲಿ ತೊಗರಿ ಮತ್ತು ಜೋಳಗಳೇ ಮುಖ್ಯ ಬೆಳೆಗಳಾಗಿವೆ. ಆದರೆ ಕಾಗಿಣಾ, ಮುಲ್ಲಾಮಾರಿ ನದಿಗಳ ದಂಡೆಯಲ್ಲಿಯೂ ನೀರುಳ್ಳ ಬಾವಿಗಳ ಕೆಳಗೂ ಕಾಯಿಪಲ್ಲೆ ಬೆಳೆಯುವ ಒಕ್ಕಲಿಗರಿಗೆ ವಾಡಿ, ಶಹಾಬಾದ ಪೇಟೆಗಳು ಸಮೀಪವಾಗಿವೆ. ತೊಗರಿಯ ಹಣ ವರ್ಷಕ್ಕೊಮ್ಮೆ ಕೈಸೇರಿದರೆ ಬದನೆಯ ಹಣ ಸಂತೆಸಂತೆಗೆ ಬರುತ್ತದೆ. ಆದುದರಿಂದ ಬದನೆಯ ಮಡಿ ಕೆಟ್ಟರೆ ಸಣ್ಣ ಹಿಡುವಳಿದಾರನ ಮನೆಯ ವಾರದ ಖರ್ಚಿಗೇ ಕೊರತೆಯುಂಟಾಗುವುದು. ಹೀಗೆ ಕೆಡಿಸುವ ಕೀಟಗಳಲ್ಲಿ ಒಂದು ಗುಲಗಂಜಿ ಹುಳುವಿನ ಜಾತಿಗೆ ಸೇರಿದ್ದು.

ಎರಡು ವಿಧದ ತಪ್ಪು

ಗುಲಗಂಜಿ ಹುಳುಗಳಲ್ಲಿ ಬಹುಪಾಲು ಒಕ್ಕಲಿಗನ ಮಿತ್ರರು. ಜೋಳ, ಕುಸುಬೆ, ಅವರೆ ಮೊದಲಾದ ಬೆಳೆಗಳಲ್ಲಿ ರಸ ಹೀರುವ ಹೇನುಗಳನ್ನು ತಿಂದು ಅವು ಬೆಳೆಯನ್ನು ಕಾಯುತ್ತವೆ. ಅದೇ ಮನೆತನಕ್ಕೆ ಸೇರಿದ ಕೆಲವು ಜಾತಿಗಳು ಮಾತ್ರ ಎಲೆಯನ್ನೇ ತಿಂದು ಬದುಕುತ್ತವೆ. ಇವುಗಳ ಭೇದವನ್ನರಿಯದವರು ಎರಡು ತಪ್ಪುಗಳಿಗೆ ಗುರಿಯಾಗುತ್ತಾರೆ. ಹೇನು ಬಿದ್ದ ಜೋಳದ ಮೇಲೆ ಚುಕ್ಕೆಯ ಹುಳುಗಳನ್ನು ಕಂಡು, ಇವೇ ಬೆಳೆ ಕೆಡಿಸಿದವೆಂದು ವಿಷ ಸಿಂಪಡಿಸುವುದು ಒಂದು. ಗುಲಗಂಜಿ ಹುಳುವೆಂದರೆ ಉಪಕಾರಿಯೆಂದು ಕೇಳಿ, ಬದನೆಯ ಮೇಲಿರುವುದನ್ನೂ ಹಾಗೆಯೇ ಬಿಡುವುದು ಇನ್ನೊಂದು. ಮೊದಲನೆಯದರಿಂದ ಮಿತ್ರನು ಸತ್ತು ಹೇನು ಹೆಚ್ಚುವುದು; ಎರಡನೆಯದರಿಂದ ಗಿಡವೇ ಹೋಗುವುದು.

ಹುಳುವಿನ ವರ್ಣನೆ

ಬದನೆಯ ಶತ್ರುವಾದ ಈ ಕೀಟದ ಶಾಸ್ತ್ರೀಯ ನಾಮವು ಹೆನೋಸೆಪಿಲಾಕ್ನ ವಿಜಿಂಟಿಆಕ್ಟೋಪಂಕ್ಟೇಟ ಎಂಬುದು. ಡೆನ್ಮಾರ್ಕ್ ದೇಶದ ಕೀಟಶಾಸ್ತ್ರಜ್ಞ ಫ್ಯಾಬ್ರಿಶಿಯಸ್ ಎಂಬುವರು 1775ರಲ್ಲಿ ಇದನ್ನು ಮೊದಲು ವರ್ಣಿಸಿದರು. ಹೆಸರಿನ ಎರಡನೆಯ ಪದಕ್ಕೆ ಇಪ್ಪತ್ತೆಂಟು ಚುಕ್ಕೆಯುಳ್ಳದ್ದು ಎಂದರ್ಥ.

ಬೆಳೆದ ಹುಳು 6ರಿಂದ 8 ಮಿಲಿಮೀಟರ್ ಉದ್ದವಿದ್ದು, ತೊಗರಿ ಕಾಳಿಗಿಂತ ತುಸು ದೊಡ್ಡದಾಗಿ, ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿರುತ್ತದೆ. ಬಣ್ಣ ಇಟ್ಟಿಗೆಗೆಂಪು ಬೆರೆತ ಕಂದು. ಒಂದೊಂದು ಮೇಲ್‌ರೆಕ್ಕೆಯ ಮೇಲೆ 14ರಂತೆ ಕಪ್ಪು ಚುಕ್ಕೆಗಳಿರುತ್ತವೆ. ಆದರೆ ಚುಕ್ಕೆಗಳನ್ನೇ ಎಣಿಸಿ ತೀರ್ಮಾನಿಸಬಾರದು. ಪ್ರತಿ ರೆಕ್ಕೆಯಲ್ಲಿ ಆರು ಚುಕ್ಕೆಗಳು ಸ್ಥಿರವಾಗಿದ್ದು, ಉಳಿದವು ಕೆಲವು ಹುಳುಗಳಲ್ಲಿ ಮಾಸಿರುತ್ತವೆ ಅಥವಾ ಒಂದಕ್ಕೊಂದು ಕೂಡಿಕೊಂಡಿರುತ್ತವೆ.

ನಂಬಲರ್ಹವಾದ ಗುರುತುಗಳು ಇವು:

1. ಶತ್ರುಹುಳುವಿನ ಬೆನ್ನಿನ ಮೇಲೆ ನವಿರಾದ ರೋಮಗಳಿರುವುದರಿಂದ ಅದು ಮಂಕಾಗಿ ಕಾಣುತ್ತದೆ. ಹೇನು ತಿನ್ನುವ ಮಿತ್ರಹುಳುವಿನ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ.

2. ಶತ್ರುವಿನ ಮರಿಹುಳು ತಿಳಿಹಳದಿ ಬಣ್ಣದ್ದು, ಮೈತುಂಬ ಕವಲೊಡೆದ ಮುಳ್ಳುಗಳು, ನಡೆ ಮಂದ. ಮಿತ್ರನ ಮರಿ ಬೂದುಗಪ್ಪು ಬಣ್ಣದ್ದಾಗಿ, ಮೊಸಳೆಯ ಆಕಾರದಿಂದ ಉದ್ದವಾಗಿದ್ದು, ಹೇನುಗಳ ನಡುವೆ ಚುರುಕಾಗಿ ಓಡಾಡುತ್ತದೆ.

3. ಶತ್ರುವಿರುವ ಎಲೆಯಲ್ಲಿ ಹಸಿರು ಕೆರೆದ ಗೆರೆಗಳಿರುತ್ತವೆ. ಮಿತ್ರನಿರುವ ಎಲೆಯಲ್ಲಿ ಹೇನುಗಳಿರುತ್ತವೆ.

ಮುಟ್ಟಿದೊಡನೆ ಸತ್ತಂತೆ ಕೆಳಗುರುಳುವುದೂ ಕಾಲಿನ ಕೀಲುಗಳಿಂದ ಹಳದಿ ರಸ ಬಿಡುವುದೂ ಎರಡು ಬಗೆಯ ಹುಳುಗಳಲ್ಲಿಯೂ ಕಂಡುಬರುವುದರಿಂದ ಅದನ್ನು ಗುರುತೆಂದು ಭಾವಿಸಬಾರದು.

ಜೀವನಕ್ರಮ ಮತ್ತು ಹಾನಿ

ಹೆಣ್ಣುಹುಳು ಎಲೆಯ ಕೆಳಮೈಯಲ್ಲಿ ಹಳದಿ ತತ್ತಿಗಳನ್ನು ನೆಟ್ಟಗೆ ನಿಲ್ಲಿಸಿದಂತೆ ಗುಂಪಾಗಿ ಇಡುತ್ತದೆ. ಹವೆಯ ಉಷ್ಣಕ್ಕನುಸಾರವಾಗಿ ಮೂರರಿಂದ ಐದು ದಿನಗಳಲ್ಲಿ ಮರಿಗಳು ಹೊರಬಂದು, ಸುಮಾರು ಎರಡು ವಾರ ತಿಂದು, ಎಲೆಗೇ ಅಂಟಿಕೊಂಡು ಕೋಶವಾಗುತ್ತವೆ. ಕೆಲವು ದಿನಗಳಲ್ಲಿ ಕೋಶದಿಂದ ಬೆಳೆದ ಹುಳು ಹೊರಡುತ್ತದೆ. ಮೂರು ನಾಲ್ಕು ವಾರಗಳಲ್ಲಿ ಒಂದು ತಲೆಮಾರು ಮುಗಿಯುವುದರಿಂದ ವರ್ಷದಲ್ಲಿ ಹಲವು ತಲೆಮಾರುಗಳಾಗುತ್ತವೆ.

ಮರಿಯೂ ದೊಡ್ಡ ಹುಳುವೂ ನರಗಳ ನಡುವಣ ಹಸಿರನ್ನು ಕೆರೆದು ತಿನ್ನುತ್ತವೆ. ಎಲೆ ಮೊದಲು ಏಣಿಯ ಮೆಟ್ಟಿಲಿನಂತೆ ಗೆರೆಗೆರೆಯಾಗಿ, ಬಳಿಕ ಜರಡಿಯಂತಾಗಿ, ಕೊನೆಗೆ ಕಂದಾಗಿ ಒಣಗುತ್ತದೆ. ಎಳೆಯ ಸಸಿಗಳಿಗೆ ಅಪಾಯ ಹೆಚ್ಚು. ಆಲೂಗಡ್ಡೆ, ಟೊಮೆಟೊ, ಹಾಗಲಗಳಲ್ಲಿಯೂ, ಬದುವಿನ ಮೇಲಿನ ಮದಗುಣಿಕೆ, ಗಣಿಕೆ, ಅಶ್ವಗಂಧ ಗಿಡಗಳಲ್ಲಿಯೂ ಈ ಹುಳು ಬದುಕುತ್ತದೆ. ಬದನೆಯಿಲ್ಲದ ಕಾಲದಲ್ಲಿ ಇಂತಹ ಗಿಡಗಳೇ ಅದಕ್ಕೆ ಆಶ್ರಯ.

ನಿವಾರಣೋಪಾಯಗಳು

ವಾರಕ್ಕೆರಡು ಸಲ ಎಲೆಗಳನ್ನು ಮಗುಚಿ ನೋಡತಕ್ಕದ್ದು. ತತ್ತಿ ಮತ್ತು ಮರಿಗಳುಳ್ಳ ಎಲೆಗಳನ್ನು ಕಿತ್ತು, ಮುಂಜಾನೆ ಹುಳುಗಳು ಜಡವಾಗಿರುವಾಗ ಆರಿಸಿ, ಸಾಬೂನಿನ ನೀರಿಗೆ ಹಾಕಿ ಕೊಲ್ಲತಕ್ಕದ್ದು. ಮಿತ್ರಹುಳುವಿನ ತತ್ತಿಗಳೂ ಹಳದಿಯಾಗಿರುವುದರಿಂದ ಹೇನುಗಳಿರುವ ಎಲೆಯ ತತ್ತಿಗಳನ್ನು ಮುಟ್ಟದೆ, ಮರಿ ಹೊರಬಂದ ಮೇಲೆ ನೋಡಿ ನಿಶ್ಚಯಿಸುವುದು ಲೇಸು.

ಹಾವಳಿ ಹೆಚ್ಚಾದಲ್ಲಿ ಐದು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯೆಲ್ಲಾ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, 100 ಲೀಟರ್ ಆಗುವಂತೆ ನೀರು ಬೆರೆಸಿ, ಸ್ವಲ್ಪ ಸಾಬೂನು ಕೂಡಿಸಿ, ಸಂಜೆಯ ಹೊತ್ತು ಎಲೆಯ ಕೆಳಮೈ ನೆನೆಯುವಂತೆ ಸಿಂಪಡಿಸಬೇಕು. ಹಿಂದಿನ ಕಾಲದಲ್ಲಿ ಈ ಹುಳುವಿಗೆ ಸೀಸದ ಆರ್ಸೆನೇಟ್ ಎಂಬ ಪಾಷಾಣವನ್ನು ಹೊಡೆಯುವ ರೂಢಿಯಿತ್ತು. ವಾರವಾರವೂ ಕೊಯ್ದು ಉಣ್ಣುವ ಕಾಯಿಗೆ ಅಂತಹ ವಿಷ ಸಲ್ಲದು.

ಬೆಳೆ ಮುಗಿದೊಡನೆ ಹಳೆಯ ಗಿಡಗಳನ್ನು ಕಿತ್ತು ಹಾಕಿ, ಅದೇ ಮಡಿಯಲ್ಲಿ ಮತ್ತೆ ಬದನೆಯನ್ನಾಗಲಿ ಟೊಮೆಟೊವನ್ನಾಗಲಿ ನೆಡದೆ ಬೇರೆ ಬೆಳೆ ಇಡತಕ್ಕದ್ದು.

ಕಣ್ಣಿಗೆ ಬೀಳದ ಸಹಾಯಕ

ಕೆಲವು ಮರಿಹುಳುಗಳು ಕಂದುಬಣ್ಣಕ್ಕೆ ತಿರುಗಿ, ಉಬ್ಬಿ, ಗಟ್ಟಿಯಾಗಿ ಎಲೆಗಂಟಿಕೊಂಡಿರುವುದುಂಟು. ಪೀಡಿಯೋಬಿಯಸ್ ಫೋವಿಯೋಲೇಟಸ್ ಎಂಬ ಅತಿಸಣ್ಣ ಕಣಜವು ಮರಿಹುಳುವಿನೊಳಗೆ ತತ್ತಿಯಿಟ್ಟು, ತನ್ನ ಮರಿಗಳಿಗೆ ಅದನ್ನೇ ಆಹಾರವಾಗಿಸುತ್ತದೆ. ಹುರುಳಿಕಾಯಿಯ ಜಾತಿಯ ಬೆಳೆಗಳನ್ನು ತಿನ್ನುವ ಮೆಕ್ಸಿಕೋದ ಇಂಥದೇ ಹುಳುವನ್ನು ಅಡಗಿಸುವುದಕ್ಕಾಗಿ ಅಮೆರಿಕದವರು 1966ರಲ್ಲಿ ಈ ಕಣಜವನ್ನು ಭಾರತದಿಂದಲೇ ತರಿಸಿಕೊಂಡರು. ಪರದೇಶದವರು ಬಯಸಿ ಪಡೆದುದನ್ನು ನಮ್ಮ ಹೊಲದಲ್ಲಿ ಅರಿಯದೆ ಹಾಳುಮಾಡುವುದು ತರವಲ್ಲ. ಇಂತಹ ಕಂದು ಮರಿಗಳುಳ್ಳ ಎಲೆಗಳನ್ನು ಕೀಳದೆ ಮಡಿಯಲ್ಲಿಯೇ ಬಿಡತಕ್ಕದ್ದು.

ಗ್ರಾಮದ ಹಿರಿಯರ ಕರ್ತವ್ಯ

ಒಬ್ಬನು ತನ್ನ ಮಡಿಯನ್ನು ಶುದ್ಧಮಾಡಿ ನೆರೆಯವನು ಸುಮ್ಮನಿದ್ದರೆ ಹುಳು ಬದುವನ್ನು ದಾಟಿ ಬರುವುದು. ಆದುದರಿಂದ ಊರಿನ ಮುಖಂಡರು ಬದನೆ ಬೆಳೆಗಾರರನ್ನೆಲ್ಲ ಕೂಡಿಸಿ, ಒಂದೇ ದಿನದಲ್ಲಿ ಎಲ್ಲರೂ ಹುಳು ಆರಿಸುವಂತೆ ಏರ್ಪಡಿಸುವುದೂ, ದಾರಿಯ ಬದಿಯ ಮದಗುಣಿಕೆ ಮತ್ತು ಗಣಿಕೆ ಗಿಡಗಳನ್ನು ಕೀಳಿಸುವುದೂ ಯೋಗ್ಯ. ಶಾಲೆಯ ಮಕ್ಕಳಿಗೆ ಮಂಕು ಬೆನ್ನಿನ ಹುಳುವನ್ನೂ ಹೊಳೆಯುವ ಬೆನ್ನಿನ ಹುಳುವನ್ನೂ ಒಟ್ಟಿಗೆ ಇಟ್ಟು ತೋರಿಸಿದರೆ ಅವರು ಒಂದೇ ದಿನದಲ್ಲಿ ಭೇದವನ್ನು ಕಲಿಯುವರು. ಸಂಶಯವುಳ್ಳವರು ಹುಳುವನ್ನು ತಿಂದ ಎಲೆಯ ಸಹಿತವಾಗಿ ಒಂದು ಡಬ್ಬಿಯಲ್ಲಿಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿ, ಮಿತ್ರನೋ ಶತ್ರುವೋ ಎಂಬುದನ್ನು ತಿಳಿದ ಬಳಿಕವೇ ಔಷಧಕ್ಕೆ ಕೈಹಾಕುವುದು.