ಹವಳಕ್ಕೂ ಸುಣ್ಣದ ಲೆಕ್ಕ

ಮಳೆಗಾಲ ಹಿಡಿಯುವ ಮೊದಲು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕೊಳೆರೋಗದ ಮದ್ದು ಕಲಸುವುದನ್ನು ನೀವು ನೋಡಿರುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿ ಮುಗಿದ ಮೇಲೆ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಅದ್ದುತ್ತಾರೆ. ಅಳೆಯುವುದು, ತುಸು ಸೇರಿಸುವುದು, ಮತ್ತೆ ಅಳೆಯುವುದು. ಗಾಜಿನ ತೊಟ್ಟಿಯಲ್ಲಿ ಹವಳವನ್ನು ಬದುಕಿಸುವ ವಿದ್ಯೆಯೂ ಇಷ್ಟೇ.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪುಟ್ಟ ಪ್ರಾಣಿಗಳ ಕೇರಿ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಉಣಿಸುತ್ತದೆ. ಗಟ್ಟಿ ಹವಳಗಳು ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಹೀರಿ ಸುಣ್ಣದ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ನಮ್ಮ ಜಿಲ್ಲೆಯಲ್ಲೇ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

ಮುಂದೆ ಹೋಗುವ ಮೊದಲು ಒಂದು ಮಾತು ಗಟ್ಟಿಯಾಗಿ ನೆನಪಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಗಟ್ಟಿ ಹವಳಗಳೂ ಇವೆ. ನೇತ್ರಾಣಿಯಿಂದ ಒಂದು ತುಂಡನ್ನೂ ತರುವಂತಿಲ್ಲ. ಸಾಕಿ ಬೆಳೆಸಿದ ಹವಳವನ್ನು ಕಾನೂನು ಒಪ್ಪುವ ದೇಶಗಳಲ್ಲಿ ನಮ್ಮೂರ ಮಕ್ಕಳು ತೊಟ್ಟಿ ಇಟ್ಟಿದ್ದರೆ ಈ ಪಾಠ ಅವರ ಕೈಗೆ ಒದಗುತ್ತದೆ. ಇಲ್ಲಿರುವ ನಮಗೆ ಇದು ಸಮುದ್ರವನ್ನು ಅರಿಯುವ ದಾರಿ.

ಒಂದು ಪ್ರಯೋಗ ಮಾಡೋಣ. ಸುಣ್ಣವನ್ನು ನೀರಿನಲ್ಲಿ ಕದಡಿ, ನಿಲ್ಲಲು ಬಿಟ್ಟು, ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿ. ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಹೀರಬೇಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಹುಟ್ಟಿದ ಆ ಬಿಳಿಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಹವಳದ ಎಲುಬಿನ ವಸ್ತು. ಊದುತ್ತಲೇ ಇದ್ದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಹವಳದ ರಸಾಯನಶಾಸ್ತ್ರದ ಎರಡು ಮುಖಗಳೂ ಈ ಲೋಟದಲ್ಲಿವೆ: ಸುಣ್ಣ ಕಟ್ಟುವುದು, ಸುಣ್ಣ ಕರಗುವುದು.

ಈಗ ಅಂಕಿಗಳಿಗೆ ಬರೋಣ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ, 420 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತವೆ. ಪಿಎಚ್ 8.1ರ ಆಸುಪಾಸು. ಕಾರ್ಬೊನೇಟುಗಳ ದಾಸ್ತಾನು ಎಷ್ಟಿದೆ ಎಂದು ಹೇಳುವ ಅಳತೆಗೆ ಕ್ಷಾರೀಯತೆ ಎಂದು ಹೆಸರು. ಅದನ್ನು ಎಣಿಸುವುದು ಡಿಗ್ರಿಗಳಲ್ಲಿ, ಉಷ್ಣತೆಯ ಡಿಗ್ರಿ ಬೇರೆ. ಸಮುದ್ರದಲ್ಲಿ ಅದು ಸುಮಾರು 7 ಡಿಗ್ರಿ. ತೊಟ್ಟಿಯಲ್ಲಿ 8ರಿಂದ 9ರಲ್ಲಿ ಇಡುವುದು ವಾಡಿಕೆ. ಮೆಗ್ನೀಸಿಯಂ ಕಾವಲುಗಾರನಿದ್ದಂತೆ. ಅದು ಕಡಿಮೆಯಾದರೆ ಸುಣ್ಣ ಹವಳದ ಮೈ ಸೇರುವ ಮೊದಲೇ ಪಂಪಿಗೆ, ಹೀಟರಿಗೆ ಹಕ್ಕಳೆಗಟ್ಟುತ್ತದೆ.

ಎಲ್ಲವನ್ನೂ ದಿನವೂ ಅಳೆಯಬೇಕೇ ಎಂದು ಹೊಸಬರು ಕೇಳುತ್ತಾರೆ. ಮೊದಲು ಕ್ಷಾರೀಯತೆಯನ್ನು ಅಳೆಯಿರಿ. ಹವಳ ಬೆಳೆಯುವಾಗ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾದರೆ ಕ್ಷಾರೀಯತೆ 2.8 ಡಿಗ್ರಿ ಇಳಿಯುತ್ತದೆ. 420ರಲ್ಲಿ 20 ಹೋದರೆ ಗೊತ್ತೇ ಆಗುವುದಿಲ್ಲ, 8ರಲ್ಲಿ 2.8 ಹೋದರೆ ಮೂರನೇ ಒಂದು ಪಾಲೇ ಬರಿದಾಯಿತು. ಅದಕ್ಕೇ ಕೊರತೆ ಮೊದಲು ಕಾಣುವುದು ಅಲ್ಲಿ. ದಿನವೂ ಒಂದೇ ಹೊತ್ತಿಗೆ ಅಳೆದು ಪುಸ್ತಕದಲ್ಲಿ ಬರೆದಿಡಿ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಪಿಎಚ್ ತುಸು ಇಳಿದು ಹಗಲು ಏರುತ್ತದೆ. ಅದಕ್ಕೆ ಗಾಬರಿ ಬೇಡ.

ಕಳೆದದ್ದನ್ನು ತುಂಬಲು ಹಳೆಯ, ಸರಳವಾದ ಉಪಾಯ ನಮ್ಮ ಲೋಟದ ಆ ಸುಣ್ಣದ ತಿಳಿಯೇ. ಜರ್ಮನ್ನರು ಅದನ್ನು ಕಾಲ್ಕ್‌ವಾಸರ್ ಎನ್ನುತ್ತಾರೆ. ಕ್ಯಾಲ್ಸಿಯಂ, ಕ್ಷಾರೀಯತೆ ಎರಡನ್ನೂ ಹವಳ ಬಳಸಿದ ಪ್ರಮಾಣದಲ್ಲೇ ಅದು ಮರಳಿಸುತ್ತದೆ. ಆದರೆ ಅದರ ಪಿಎಚ್ 12 ದಾಟುತ್ತದೆ. ಒಮ್ಮೆಲೇ ಸುರಿದರೆ ಜೀವಿಗಳು ಸಾಯುತ್ತವೆ. ಶುದ್ಧವಾದ ಸುಣ್ಣವನ್ನೇ ಬಳಸಿ, ರಾತ್ರಿಯಿಡೀ ಹನಿಹನಿಯಾಗಿ ಬೀಳುವಂತೆ ಮಾಡಬೇಕು. ಕ್ಷಾರೀಯತೆ ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರುಪೇರಾಗದಿರಲಿ. 8ರಲ್ಲಿ ನಿಂತ ನೀರಿನಲ್ಲಿ ಹವಳ ನೆಮ್ಮದಿಯಾಗಿರುತ್ತದೆ. 7ಕ್ಕೂ 10ಕ್ಕೂ ಜೀಕುವ ನೀರಿನಲ್ಲಿ ಸೊರಗುತ್ತದೆ.

ಅಡುಗೆ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು. ಅದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ಎಲ್ಲ ಲವಣಗಳ ಮಿಶ್ರಣವನ್ನೇ ಆರ್‌ಒ ನೀರಿಗೆ ಬೆರೆಸಬೇಕು. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ಹಾಗಾಗಿ ಇಳಿದ ಮಟ್ಟವನ್ನು ಸಿಹಿನೀರಿನಿಂದ ತುಂಬಿ. ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೇ: ಮೈಲುತುತ್ತ ಕಲಸಿದ ಡ್ರಮ್ಮು, ಕೊಡ, ಪೈಪು ತೊಟ್ಟಿಯ ಹತ್ತಿರ ಸುಳಿಯಕೂಡದು. ಕೊಳೆರೋಗವನ್ನು ತಡೆಯುವ ಅದೇ ತಾಮ್ರ ಹವಳಕ್ಕೆ ವಿಷ.

ಲೋಟದ ಪ್ರಯೋಗಕ್ಕೆ ಮರಳೋಣ. ಕೈಗಾರಿಕೆಗಳು ಬಂದ ಮೇಲೆ ನಾವು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಮುದ್ರ ಸೇರಿ, ಮೇಲ್ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಹವಳಕ್ಕೆ ಎಲುಬು ಕಟ್ಟುವ ಕೆಲಸ ಅಷ್ಟು ಕಷ್ಟವಾಗಿದೆ. ತೊಟ್ಟಿಯ ನೀರು ತಪ್ಪಿದರೆ ನಾಲ್ಕು ಹನಿ ಸುಣ್ಣದ ತಿಳಿ ಬಿಟ್ಟು ಸರಿಪಡಿಸಬಹುದು. ನೇತ್ರಾಣಿಯ ಸುತ್ತಲಿನ ನೀರಿಗೆ ಸುಣ್ಣ ಬೆರೆಸುವವರು ಯಾರೂ ಇಲ್ಲ. ಅಲ್ಲಿ ನಾವು ಮಾಡಬಹುದಾದದ್ದು ಒಂದೇ, ಊದುವುದನ್ನು ಕಡಿಮೆ ಮಾಡುವುದು.